ಪಾಂಡವಪುರದಲ್ಲಿ ಬಿಟ್ಟ ಎರಡು ಬಸ್ಸು

ಅಜ್ಜಿ,

ಇವತ್ತು ನಿನ್ನ ಕೋಣೆ ಗುಡಿಸಿದೆ. ನೀನು ಹೋಗಿ ಮೂರು ತಿಂಗಳಾಯಿತು. ಇಷ್ಟು ದಿನ ಪೊರಕೆ ಹಿಡಿಯುವಷ್ಟೂ ತ್ರಾಣವಿರಲಿಲ್ಲ. ಕೆಲಸ ಮುಗಿದ ಮೇಲೂ ಆಯಾಸ ಯಾಕೆ ಹೋಗುವುದಿಲ್ಲ? ಈಗಲೂ ಎದ್ದ ಕೂಡಲೇ ಕಾಲು ನಿನ್ನ ಹಾಸಿಗೆಯ ಕಡೆಗೇ...

ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ನನ್ನನ್ನು ಯಾರು ಸಾಕಬೇಕೆಂದು ನೆಂಟರೆಲ್ಲ ಜಗಲಿಯ ಮೇಲೆ ಕುಳಿತು ಮಾತಾಡುತ್ತಿದ್ದರು. ನೀನು ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಬಂದೆ. "ಕೂಸು ಯಾರ್ ಮನೇಗೂ ಹೋಗಕಿಲ್ಲ. ಇಲ್ಲೇ ಇರ್ತದೆ. ಮಾತು ಮುಗೀತು, ಉಣ್ಣಾಕೆ ಏಳಿ" ಅಂದೆ. ಮಗಳನ್ನು ಕಳೆದುಕೊಂಡು ವಾರವೂ ಆಗಿರಲಿಲ್ಲ ನಿನಗೆ. ನೀನು ಅತ್ತದ್ದು ಯಾವಾಗ, ಅಜ್ಜಿ? ನಾನಂತೂ ನೋಡಲಿಲ್ಲ.

ಕಲ್ಲುಕ್ವಾರೆಯವನು ಸೀಟಿ ಊದುತ್ತ ನಮ್ಮ ಹೊಲಕ್ಕೆ ಓಡಿ ಬಂದ ದಿನ ನೆನಪಿದೆಯಾ? ಬಂಡೆ ಸಿಡಿಸುವ ಹೊತ್ತು, ಎಲ್ಲರೂ ಆಚೆ ಹೋಗಬೇಕಿತ್ತು. ನೀನು ಎಮ್ಮೆಯ ಪಕ್ಕದಿಂದ ಏಳಲೇ ಇಲ್ಲ.

"ಅಜ್ಜೀ, ಮದ್ದು ಸಿಡೀತದೆ, ಎದ್ದೇಳು!"

"ಎಮ್ಮೆ ಈಯ್ತಾ ಅದೆ ಕಣ್ಲಾ. ನಿನ್ ಬಂಡೆ ಎಲ್ಲಿಗೋದದು? ನಾಳೀಕೂ ಅಲ್ಲೇ ಇರ್ತದೆ. ಕರ ಕಾಯ್ತದಾ?"

ಅವನು ಬೈದ, ಬೇಡಿಕೊಂಡ, ಕೊನೆಗೆ ಸುಮ್ಮನೆ ಬದುವಿನ ಮೇಲೆ ಕುಳಿತ. ಕರು ಎದ್ದು ನಿಲ್ಲುವವರೆಗೂ ಬಂಡೆ ಸಿಡಿಯಲಿಲ್ಲ. ಮಾರನೆಯ ದಿನ ಅವನಿಗೆ ಗಿಣ್ಣು ಕಳಿಸಿದೆ. ಅಂಥವಳು ನೀನು.

ಲಕ್ವ ಹೊಡೆದು ನೀನು ಮಲಗಿದಾಗ, ಗಂಡನನ್ನೂ ಮಗಳನ್ನೂ ಪಾಲಹಳ್ಳಿಯಲ್ಲಿ ಬಿಟ್ಟು ನಿನ್ನ ಹತ್ತಿರ ಬಂದೆ. ತಿಂಗಳೊಪ್ಪತ್ತು ಅಂದುಕೊಂಡಿದ್ದೆ. ಎರಡು ವರ್ಷವಾಯಿತು. ನೀನು ಹೋದ ಮೇಲೂ ಈ ಮನೆ ಬಿಟ್ಟು ಹೊರಡಲು ಇನ್ನೂ ಕಾಲು ಬಂದಿಲ್ಲ. ನಾಗಮಂಗಲದಲ್ಲಿ ಅಂಗಡಿ ಇಟ್ಟಿರುವ ನಿನ್ನ ಮಗ, ನನ್ನ ಮಾವ, ಮೊದಮೊದಲು ತಿಂಗಳಿಗೊಮ್ಮೆ ಬರುತ್ತಿದ್ದ. ಆಮೇಲೆ ಬರೀ ಫೋನು. "ಅವ್ವ ಹೆಂಗವ್ಳೆ?" ಅಂತ ಕೇಳಿ ಇಟ್ಟುಬಿಡುತ್ತಿದ್ದ.

ನೀನು ಹೋದ ದಿನ ನಾನು ಪಾಂಡವಪುರಕ್ಕೆ ನಿನ್ನ ಮಾತ್ರೆ ತರಲು ಹೋಗಿದ್ದೆ. ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ಮಾತ್ರೆ ಹತ್ತೇ ನಿಮಿಷಕ್ಕೆ ಸಿಕ್ಕಿತ್ತು. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತು ಟೀ ಕುಡಿದೆ. ಬಸ್ಸು ಬಂತು. ಏಳಲಿಲ್ಲ. ಯಾರೂ ನನ್ನನ್ನು ಕರೆಯುತ್ತಿರಲಿಲ್ಲ, ಎಷ್ಟು ಹಿತವಾಗಿತ್ತು ಗೊತ್ತಾ... ಇನ್ನೊಂದು ಬಸ್ಸೂ ಬಂತು. ಅದನ್ನೂ ಬಿಟ್ಟೆ. ಮೂರನೆಯದರಲ್ಲಿ ಬಂದಾಗ ಮನೆ ಮುಂದೆ ಜನ ಸೇರಿದ್ದರು.

ಪಕ್ಕದ ಮನೆಯ ಚಿಕ್ಕತಾಯಮ್ಮ ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. "ನೀಲಾ ಬಂದ್ಲಾ ಅಂತ ಎರಡ್ ಸಲ ಕೇಳುದ್ರು ಕಣವ್ವ. ಬಸ್ಸಿಳುದ್ಲು, ಬತ್ತಾವ್ಳೆ ಅಂದೆ" ಎಂದರು. ಅದು ಸುಳ್ಳು ಅಜ್ಜಿ. ನಾನಿನ್ನೂ ಆ ಬೆಂಚಿನ ಮೇಲೇ ಕುಳಿತಿದ್ದೆ.

ತಿಥಿಗೆ ಬಂದವರೆಲ್ಲ ನನ್ನ ತಲೆ ಸವರಿ, ಹೆತ್ತ ಮಗಳೂ ಇಷ್ಟು ನೋಡಿಕೊಳ್ಳುವುದಿಲ್ಲ ಅಂದರು. ನಾನು ಎಲೆ ಹಾಕಲು ಹೋದೆ.

ಹೋದ ಭಾನುವಾರ ಮಾವ ಬಂದಿದ್ದ. ನೀನು ಮಲಗುತ್ತಿದ್ದ ಕಡೆ ನೋಡಲಾಗದೆ ಬಾಗಿಲಲ್ಲೇ ನಿಂತಿದ್ದ. ಯಾಕೋ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಬೈಯುತ್ತಾನೆ ಅಂದುಕೊಂಡೆ. ಬೈಯಲಿ ಎಂದೇ ಹೇಳಿದ್ದೆನೋ ಏನೋ.

ಮಾವ ಹೊಸ್ತಿಲ ಮೇಲೆ ಕುಳಿತ. "ನೀನು ಎರಡು ಬಸ್ಸು ಬುಟ್ಟೆ ಕಣವ್ವ," ಅಂದ. "ನಾನು ಆರು ತಿಂಗ್ಳು ಯಾವ ಬಸ್ಸೂ ಹತ್ನಿಲ್ಲ. ಅವ್ವನ್ನ ಅಂಗೆ ನೋಡಾಕೆ ನನ್ ಕೈಲಿ ಆಯ್ತಿರ್ನಿಲ್ಲ..." ಆಮೇಲೆ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾನೂ ಅತ್ತೆ. ನಿನ್ನ ಮಗ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

"ಹೋಗಿ ಮಲಕ್ಕೋ, ವಸಿ ವೊತ್ತು" ಅಂದ. ಮಲಗಿದವಳಿಗೆ ಎಚ್ಚರವಾದಾಗ ಸಂಜೆ. ಎರಡು ವರ್ಷದಲ್ಲಿ ನಾನು ಅಷ್ಟು ಹೊತ್ತು ನಿದ್ದೆ ಮಾಡಿರಲಿಲ್ಲ.

ನಿನಗೆ ತಿಳಿಯದ ಇನ್ನೊಂದು ಸುದ್ದಿ ಇದೆ ಅಜ್ಜಿ. ಅಡುಗೆಮನೆ ಹೊಸ್ತಿಲು ದಾಟದ ನಿನ್ನ ಮಗ ಅವತ್ತು ಸಂಜೆ ಒಲೆ ಮುಂದೆ ಕುಳಿತು, ಬೆವರು ಒರೆಸಿಕೊಳ್ಳುತ್ತ, ನನಗೆ ಮುದ್ದೆ ಮಾಡಿ ಬಡಿಸಿದ. ಒಳಗೆಲ್ಲ ಹಿಟ್ಟಿನ ಗಂಟು. ಎರಡು ಮುದ್ದೆ ಉಂಡೆ.

ನಿನ್ನ
ನೀಲಾ