ಮೇಲಿನ ಕಿಂಡಿ ಮರೆಯಬೇಡ

ಡಿಸೆಂಬರ್ ೯, ಮಂಗಳವಾರ
ಅಂಗಡಿಯ ಮೇಜಿನಿಂದ

ಕೋಳಿಗಳ ಯಜಮಾನಿಗೆ,

ಮೊದಲು ನಿನಗೆ ಬೇಕಾದ ಸುದ್ದಿ: ಆರೂ ಬದುಕಿವೆ. ಈಗ ನಿರಾಳವಾಗಿ ಮುಂದೆ ಓದು.

ಕೋಪ ಮಾಡಿಕೊಂಡು ನಿನ್ನಕ್ಕನ ಮನೆಗೆ ಹೊರಟಾಗ, ವಾಪಸು ಬರುವಷ್ಟರಲ್ಲಿ ಒಂದೇ ಒಂದು ಕೋಳಿ ಕಡಿಮೆಯಾಗಿದ್ದರೂ ಹೊಸಿಲು ತುಳಿಯುವುದಿಲ್ಲ ಎಂದಿದ್ದೆಯಲ್ಲ, ಆ ಮಾತು ಈ ಹದಿನೈದು ದಿನವೂ ನನ್ನ ತಲೆ ತಿಂದಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಮತ್ತೆ ಹ್ಞೂಂ, ಹ್ಞೂಂ ಎನ್ನುತ್ತೇನೆ, ನೀನು ಮತ್ತೆ ಸಿಡಿಯುತ್ತೀಯ. ಅದಕ್ಕೇ ಈ ಕಾಗದ.

ನೀರೂ ಹೆಪ್ಪುಗಟ್ಟುವ ಈ ಉತ್ತರದ ಬೆಟ್ಟದೂರಿನ ಚಳಿಗಾಲದ ತಯಾರಿಗೆಂದು ನೀನು ಬರೆದಿಟ್ಟ ಚೀಟಿಯನ್ನು ಚಾಚೂ ತಪ್ಪದೆ ಪಾಲಿಸಿದೆ. ಗೂಡಿನ ನೆಲಕ್ಕೆ ಗೇಣು ದಪ್ಪಕ್ಕೆ ಒಣಹುಲ್ಲು ಹರಡಿದೆ. ಕೂರುವ ಕೋಲು ತೆಗೆದು ಅಗಲದ ಹಲಗೆ ಹಾಕಿದೆ, ಕಾಲ್ಬೆರಳ ಮೇಲೆ ಪುಕ್ಕ ಮುಚ್ಚಿ ಕೂರಲಿ ಎಂದು. ದಿನಾ ಬೆಳಗ್ಗೆ ನೀರಿನ ಬಟ್ಟಲಿನ ಮಂಜುಗಡ್ಡೆ ಒಡೆದು ಬೆಚ್ಚಗಿನ ನೀರು ಸುರಿದೆ. ಮಣ್ಣಿನಲ್ಲಿ ಹೊರಳಾಡಲು ಬೂದಿ ಬೆರೆಸಿಟ್ಟೆ. ಕೊನೆಯ ಸಾಲಿನಲ್ಲಿ ನೀನು ಬರೆದದ್ದು: ಗೂಡು ಮುಚ್ಚುವಾಗ ಮೇಲಿನ ಕಿಂಡಿ ಮರೆಯಬೇಡ. ಮರೆಯಲಿಲ್ಲ ಮಹಾತಾಯಿ! ಎರಡು ಪದರ ಪ್ಲಾಸ್ಟಿಕ್ ಹಾಕಿ ಮೊಳೆ ಹೊಡೆದೆ. ಗಡಿಯಾರದೊಳಗೆ ಧೂಳು ನುಸುಳದಂತೆ ಮೂವತ್ತು ವರ್ಷ ಮುಚ್ಚಿದ ಕೈ ಇದು, ಗೂಡನ್ನು ಬಿಟ್ಟೀತೇ?

ನಾಲ್ಕನೇ ದಿನ ಬೆಳಗ್ಗೆ ಬಾಗಿಲು ತೆಗೆದರೆ, ಒಗೆದ ಬಟ್ಟೆ ಅರ್ಧ ಗಂಟೆಯಲ್ಲಿ ಗರಿಗರಿ ಒಣಗುವ ಈ ಊರಿನಲ್ಲಿ, ಗೂಡಿನ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಿನ್ನ ಮುದ್ದಿನ ಕೋಳಿ ಮಹಾರಾಣಿಯ ಜುಟ್ಟಿನ ತುದಿ ಕಪ್ಪಾಗಿತ್ತು. ಕೊಕ್ಕು ತೆರೆದು ಗೊರಗೊರ ಉಸಿರೆಳೆಯುತ್ತಿದ್ದಳು. ಪಕ್ಕದ ಮನೆಯ ನರ್ಸಮ್ಮನನ್ನು ಕರೆದು ಚೀಟಿ ತೋರಿಸಿದೆ. ಅವರು ಒಳಗೆ ಮೂಗು ತೂರಿಸಿದವರೇ, ಇದೇನು ಗೂಡೋ ಡಬ್ಬಿಯೋ, ಕೋಳಿ ಚಳಿ ತಡ್ಕೊಳ್ತವೆ ಕಣಪ್ಪ, ತಮ್ಮ ಉಸಿರಿನ ಪಸೆ ತಡ್ಕೊಳಲ್ಲ, ಕಿಂಡಿ ತೆಗೆದಿಡೋದು ಮರೀಬೇಡ ಅಂತ ಅವಳು ಬರೆದ್ರೆ ನೀನು ಮುಚ್ಚೋದು ಮರೀಲಿಲ್ವಾ ಅಂತ ಚೆನ್ನಾಗಿ ಉಗಿದರು.

ಹೊರಡುವ ಮುಂಚೆ ನೀನು ಅದನ್ನು ಬಾಯಲ್ಲೂ ಹೇಳಿದ್ದೆ, ಈಗ ನೆನಪಾಗುತ್ತಿದೆ. ನಾನು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಹ್ಞೂಂ ಎಂದಿದ್ದೆ. ನಿನ್ನ ಜಗಳವೂ ಅದೇ ಆಗಿತ್ತಲ್ಲ. ತಪ್ಪು ನನ್ನದೇ, ನನಗೆ ನಾಚಿಕೆಯಾಗಿದೆ.

ಪ್ಲಾಸ್ಟಿಕ್ ಕಿತ್ತೆಸೆದೆ, ಒದ್ದೆ ಹುಲ್ಲು ಬದಲಿಸಿದೆ. ಮಹಾರಾಣಿ ಹತ್ತು ದಿನ ಅಡುಗೆಮನೆಯ ಬುಟ್ಟಿಯಲ್ಲಿದ್ದು, ನನ್ನ ಸ್ವೆಟರಿನ ಮೇಲೆ ಮಾಡಬಾರದ್ದನ್ನೆಲ್ಲ ಮಾಡಿದಳು. ನಿನ್ನೆ ಎದ್ದು ನನ್ನ ಕೈ ಕುಕ್ಕಿದಳು, ರಕ್ತ ಬಂತು. ಅಷ್ಟು ಸಂತೋಷ ನನಗೆ ಎಷ್ಟೋ ದಿನದಿಂದ ಆಗಿರಲಿಲ್ಲ. ಇವತ್ತು ಉಳಿದವುಗಳ ಜೊತೆ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದಾಳೆ. ಜುಟ್ಟಿನ ತುದಿ ಮಾತ್ರ ಉದುರಬಹುದಂತೆ.

ನಿನ್ನ ಷರತ್ತು ಪೂರೈಸಿದ್ದೇನೆ. ಮುಂದಿನದು ನಿನಗೆ ಬಿಟ್ಟದ್ದು.

ಹ್ಞೂಂ ಎನ್ನುವುದನ್ನು ಬಿಟ್ಟ,
ನಿನ್ನ ಗಡಿಯಾರದವನು

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ಮಹಾರಾಣಿ ಉಳಿಯುವುದಿಲ್ಲ ಎನಿಸಿದ ದಿನ ಅಂಗಡಿಗೆ ಬೀಗ ಹಾಕಿ, ಮಾರುಕಟ್ಟೆಯೆಲ್ಲ ಅಲೆದು, ಥೇಟ್ ಅವಳದೇ ಬಣ್ಣದ ಕೋಳಿಯೊಂದನ್ನು ತಂದುಬಿಟ್ಟೆ. ನೀನು ಮೊದಲ ನೋಟಕ್ಕೇ ಹಿಡಿಯುತ್ತಿದ್ದೆ, ಗೊತ್ತು. ಎಲ್ಲಿ ನೀನು ಬರದೇ ಹೋಗುತ್ತೀಯೋ ಎಂದು ಹೆದರಿದ್ದೆ. ಹಾಗಾಗಿ ಗೂಡಿನಲ್ಲಿ ಈಗ ಏಳಿವೆ. ಏಳನೆಯವಳಿಗೆ ಇನ್ನೂ ಹೆಸರಿಲ್ಲ, ನೀನೇ ಬಂದು ಇಡು.