ರುಡ್‌ನ ಕುರ್ಚಿ

ಫೆಬ್ರವರಿ 3, ಸೋಮವಾರ

ಬೆಳಗಿನ ಪ್ರಾಕ್ಟೀಸ್. ಹೊರಗೆ ಮೈನಸ್ ಇಪ್ಪತ್ತು, ಅದಕ್ಕಿಂತ ಐಸ್ ರಿಂಕ್ ಒಳಗೇ ಬೆಚ್ಚಗೆ. ಐಸ್ ನೆಲ ಸವರಿ ನಯಮಾಡುವ ಯಂತ್ರ ಮತ್ತೆ ಕೆಟ್ಟಿದೆ... ಹುಡುಗರೇ ಸಲಿಕೆ ಹಿಡಿದರು, ಬೈದುಕೊಂಡೇ. ಈ ಬಡ ಕಾಲೇಜಿನಲ್ಲಿ ಐಸ್ ಹಾಕಿ ಹೆಡ್ ಕೋಚ್ ಎಂದರೆ ಬೆವರಿನ ಜರ್ಸಿ ಒಗೆಯುವವನೂ ನಾನೇ.

ಮಧ್ಯಾಹ್ನ ಲೊರೇನ್ ಫೋನ್. ಟ್ಯಾಮರಾಕ್ ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥೆ. ಅವರ ಕೋಚ್ ಡ್ರೂ ಈ ಸೀಸನ್ ಮುಗಿದ ಮೇಲೆ ಇರುವುದಿಲ್ಲವಂತೆ. ತಿಂಗಳ ಕೊನೆಗೆ ನಾವು ಅಲ್ಲಿ ಆಡುವಾಗ ನನ್ನನ್ನು ನೋಡಬೇಕಂತೆ. ಯಾಕೆ ಅಂತ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಫೆಬ್ರವರಿ 4

ಟ್ಯಾಮರಾಕ್‌ನಲ್ಲಿ ಹನ್ನೊಂದು ವರ್ಷ ಆಗಿನ ಹೆಡ್ ಕೋಚ್ ರುಡ್‌ನ ಅಸಿಸ್ಟೆಂಟ್ ಆಗಿದ್ದೆ. ಹಿಮದಲ್ಲಿ ಊರೂರು ಅಲೆದು ಹುಡುಗರನ್ನು ಹುಡುಕಿ ತಂದವನು ನಾನು, ಫೋಟೋದಲ್ಲಿ ನಿಂತವನು ಅವನು. ಪ್ರತಿ ಕ್ರಿಸ್‌ಮಸ್‌ಗೂ ಹೆಗಲ ಮೇಲೆ ಕೈ ಹಾಕುತ್ತಿದ್ದ — "ನನ್ ನಂತರ ನೀನೇ ಕಣೋ, ವೆರ್ನ್." ನಿವೃತ್ತನಾದ ದಿನ ಕುರ್ಚಿಯಲ್ಲಿ ಕೂತದ್ದು ಅವನ ಅಳಿಯ ಡ್ರೂ. ಅವತ್ತು ಕೇಕ್ ಕೊಯ್ದು ಎಲ್ಲರಿಗೂ ಹಂಚಿದ್ದು ನಾನು. ನಗುನಗುತ್ತಲೇ.

ಆ ಕುರ್ಚಿ ಬೇಕು. ಸಂಬಳಕ್ಕಲ್ಲ. ರುಡ್ ನೋಡುತ್ತಿರುವಾಗ ಅದರಲ್ಲಿ ಕೂರಬೇಕು.

ಫೆಬ್ರವರಿ 21, ಶುಕ್ರವಾರ. ಟ್ಯಾಮರಾಕ್

ಮೊದಲ ಪಂದ್ಯ ಗೆದ್ದೆವು. ಲೊರೇನ್ ಕೈ ಕುಲುಕಿದಳು. "ಸೋಮವಾರ ಮಾತಾಡೋಣ. ನಾಳೆ ಏನೂ ಎಡವಟ್ಟು ಮಾಡ್ಕೋಬೇಡಿ" ಎಂದಳು.

ಫೆಬ್ರವರಿ 23, ಭಾನುವಾರ

ನಿನ್ನೆ ಅವರ ಸೀನಿಯರ್ ನೈಟ್. ಕೊನೆಯ ವರ್ಷದ ಹುಡುಗರು ಅಪ್ಪ ಅಮ್ಮಂದಿರ ಜೊತೆ ಐಸ್ ಮೇಲೆ ನಡೆದುಬಂದರು, ಅಮ್ಮಂದಿರ ಕೈಯಲ್ಲಿ ಹೂ. ಅವರಲ್ಲಿ ಇಸಾಕ್ ಲುಂಡ್. ಓದಿದಷ್ಟೂ ವರ್ಷ ಬೆಂಚ್ ಕಾದ ಗೋಲ್‌ಕೀಪರ್. ನಾನು ಟ್ಯಾಮರಾಕ್‌ನಲ್ಲಿದ್ದ ಕೊನೆಯ ವರ್ಷ ಅವನನ್ನು ಕರೆತಂದವನು ನಾನೇ, ಅವನಮ್ಮನ ಅಡುಗೆಮನೆಯಲ್ಲಿ ಕಾಡು ಅಕ್ಕಿಯ ಸೂಪ್ ಕುಡಿದು, ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟು.

ಪಂದ್ಯದ ಕೊನೆಯ ಪೀರಿಯಡ್. ನಾವು ಆರು, ಅವರು ಸೊನ್ನೆ. ಡ್ರೂ ಇಸಾಕ್‌ನನ್ನು ಗೋಲಿಗೆ ಇಳಿಸಿದ. ವಾಡಿಕೆ. ಹೀಗೆ ಇಳಿಸಿದಾಗ ಎದುರಾಳಿ ತನ್ನ ಒಳ್ಳೆಯ ಆಟಗಾರರನ್ನು ಕೂರಿಸುತ್ತಾನೆ. ದೂರದಿಂದ ಮೆತ್ತಗೆ ಒಂದೆರಡು ಸಲ ಪಕ್ ಬಿಲ್ಲೆಯನ್ನು ಹೊಡೆಸುತ್ತಾನೆ. ಹುಡುಗ ತಡೆಯುತ್ತಾನೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಇದು ಯಾವ ನಿಯಮದಲ್ಲೂ ಇಲ್ಲ, ಎಲ್ಲ ಕೋಚ್‌ಗಳಿಗೂ ಗೊತ್ತು.

ನನ್ನ ಅಸಿಸ್ಟೆಂಟ್ ಗಸ್ ಆಗಲೇ ಕೊನೆಯ ಲೈನ್‌ನ, ಅಂದರೆ ಆಟ ಸಾಧಾರಣವಾದ ಹುಡುಗರ ಗುಂಪನ್ನು ಎಬ್ಬಿಸುತ್ತಿದ್ದ. ತಲೆಯೆತ್ತಿದೆ. ಗ್ಯಾಲರಿಯಲ್ಲಿ ರುಡ್, ಪಾಪ್‌ಕಾರ್ನ್ ತಿನ್ನುತ್ತ. ಆರಾಮಾಗಿ. ವೆರ್ನ್ ಮರ್ಯಾದಸ್ಥ, ಏನೂ ಮಾಡುವುದಿಲ್ಲ ಎಂಬ ಅದೇ ಹಳೆಯ ನಂಬಿಕೆ.

"ಮೊದಲ ಲೈನ್ ಹೋಗ್ಲಿ" ಎಂದೆ.

"ಕೋಚ್, ಗೋಲಲ್ಲಿ ಇಸಾಕ್ ಇದಾನೆ."

"ನಂಗೂ ಕಣ್ಣಿದೆ ಗಸ್."

ಮೂರು ಗೋಲು. ಮೂರನೆಯದಾದ ಮೇಲೆ ಇಸಾಕ್ ಮೊಣಕಾಲೂರಿ ಹಾಗೇ ಉಳಿದ. ಸುಳ್ಳೇಕೆ ಬರೆಯಲಿ — ಖುಷಿಯಾಯಿತು. ತುಂಬಾ.

ಕೈ ಕುಲುಕುವ ಸಾಲಿನಲ್ಲಿ ಇಸಾಕ್ ಥ್ಯಾಂಕ್ಸ್ ಕೋಚ್ ಎಂದ, ಮುಖ ನೋಡದೆ. ಹೊರಗೆ ಹೋಗುವ ದಾರಿಯಲ್ಲಿ ರುಡ್ ನಿಂತಿದ್ದ, ಪಕ್ಕದಲ್ಲಿ ಲೊರೇನ್. ಬೈಯಲಿ ಎಂದು ಕಾದೆ. ನನ್ನ ಕಡೆ ನೋಡಲೂ ಇಲ್ಲ. ಅವಳಿಗೆ ಮೆಲ್ಲಗೆ ಹೇಳಿದ:

"ಅವತ್ತು ಇವನ್ನ ಬಿಟ್ಟು ಅಳಿಯಂಗ್ಯಾಕೆ ಕೊಡಿಸಿದ್ರಿ ಅಂತ ಕೇಳಿದ್ರಲ್ಲ. ಈಗ ಗೊತ್ತಾಯ್ತಾ?"

ಬಸ್ ಹೊರಡುವುದು ತಡವಾಯಿತು. ಗಸ್ ಇಸಾಕ್‌ನ ಅಮ್ಮನ ಹತ್ತಿರ ಕ್ಷಮೆ ಕೇಳಲು ಹೋಗಿದ್ದನಂತೆ. ಯಾರು ಹೇಳಿದ್ದರು ಅವನಿಗೆ?

ಫೆಬ್ರವರಿ 24, ಸೋಮವಾರ

ಲೊರೇನ್ ಫೋನ್ ಮಾಡಲಿಲ್ಲ.

ಫೆಬ್ರವರಿ 27

ಇಲ್ಲ.

ಮಾರ್ಚ್ 11

ಡ್ರೂನನ್ನು ತೆಗೆದರು. ಆ ಕುರ್ಚಿ ಗಸ್‌ಗೆ.

ಅವನೇ ಬಂದು ಹೇಳಿದ, ಬಾಗಿಲಲ್ಲಿ ನಿಂತು, ಟೋಪಿ ಹಿಂಡುತ್ತ. "ನೀವು ಬೇಡ ಅಂದ್ರೆ ಹೋಗಲ್ಲ ಕೋಚ್." ಹೋಗು ಎಂದೆ. ಬೆನ್ನು ತಟ್ಟಿದೆ. ನಕ್ಕೆ ಕೂಡ... ಅಭ್ಯಾಸವಿದೆಯಲ್ಲ.

ಮುಂದಿನ ಸೀಸನ್ ನವೆಂಬರ್‌ನಲ್ಲಿ ಟ್ಯಾಮರಾಕ್ ಇಲ್ಲಿಗೇ ಬರಬೇಕು. ಬರಲಿ. ಗಸ್‌ನ ವೀಕ್‌ನೆಸ್ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು, ಹುಡುಗರ ಮೇಲೆ ಕರುಣೆ ಜಾಸ್ತಿ. ಎರಡು... ಎರಡನೆಯದು ಹೊಳೆಯುತ್ತಿಲ್ಲ.