ಹಾಲುಕ್ಕಿದ ಮೇಲೂ ಉಳಿದ ಕೆಲಸ

ಚಿಂತಾಮಣಿ
20-7-2025, ಭಾನುವಾರ

ಸೌಜನ್ಯಳ ಅಪ್ಪನಿಗೆ,

ಲಾವಣ್ಯಳ ನಮಸ್ಕಾರ. ಅತ್ತೆ, ಮಗಳು, ನಾನು ಮೂವರೂ ಆರೋಗ್ಯವಾಗಿದ್ದೇವೆ. ಇಷ್ಟು ಬರೆಯುವಷ್ಟರಲ್ಲೇ ಎರಡು ಸಲ ಎದ್ದುಹೋಗಿದ್ದೇನೆ. ಒಮ್ಮೆ ಒಣಗಿದ ಬಟ್ಟೆ ತರಲು ಹೋದೆ, ಇನ್ನೊಮ್ಮೆ ಯಾಕೆ ಹೋದೆನೋ ನನಗೇ ಗೊತ್ತಿಲ್ಲ. ಕೂತಲ್ಲಿ ಕೂರಲು ಆಗುತ್ತಿಲ್ಲ.

ಫೋನು ಮಾಡಿದಾಗ ನೀವು ಮಗಳ ಓದು ವಿಚಾರಿಸುತ್ತೀರಿ, ಅತ್ತೆಯ ಬಿಪಿ ಮಾತ್ರೆ ವಿಚಾರಿಸುತ್ತೀರಿ. ಕೈವಾರದ ರಸ್ತೆಯ ಹೊಸ ಮನೆಯ ಮಾತು ಎತ್ತಿದೊಡನೆ ಹಾಸ್ಟೆಲಿನ ಹುಡುಗರು ಕರೆಯುತ್ತಿದ್ದಾರೆ ಎಂದು ಇಟ್ಟುಬಿಡುತ್ತೀರಿ. ಹಾಲುಕ್ಕಿಸುವ ದಿನವೂ ಗೌರಿಬಿದನೂರಿನಿಂದ ನೀವು ಬರಲಿಲ್ಲ. ಅಂದು ನಡೆದದ್ದು ನಿಮಗೆ ಕೆಂಪರಾಜುವಿನ ಬಾಯಿಂದ ಮಾತ್ರ ಗೊತ್ತು. ನನ್ನ ಬಾಯಿಂದಲೂ ಒಂದು ಸಲ ಕೇಳಿ.

ಕೆಂಪರಾಜು ನಿಮ್ಮ ಚಿಕ್ಕಪ್ಪನ ಮಗ, ನಮ್ಮವರಲ್ಲಿ ಮನೆ ಕಂಟ್ರಾಕ್ಟ್ ಹಿಡಿದ ಮೊದಲ ಹುಡುಗ ಎಂದು ನೀವು ಕೆಲಸವನ್ನು ಅವನಿಗೆ ಒಪ್ಪಿಸಿದಿರಿ. ನಾನೂ ಮನಸಾರೆ ಒಪ್ಪಿದ್ದೆ. ನನ್ನ ಅಪ್ಪ ಕಂಡವರ ಮನೆಗಳಿಗೆ ಗಾರೆ ಹೊತ್ತವರು. ನಮ್ಮ ಹುಡುಗನೊಬ್ಬ ಪ್ಲಾನು ಹಿಡಿದು ನಿಂತು ಮನೆ ಕಟ್ಟಿಸುತ್ತಾನೆ ಎಂದರೆ ನನಗೇನು ಹೊಟ್ಟೆಯುರಿಯೇ? ಆದರೆ ಜನವರಿಯಲ್ಲಿ, ಬಚ್ಚಲಿನ ನೆಲದ ವಾಟ ಬಾಗಿಲ ಕಡೆಗೆ ಇಳಿದಿದೆ, ನೀರೆಲ್ಲ ಕೋಣೆಗೆ ಬರುತ್ತದೆ ಎಂದು ನಾನು ತೋರಿಸಿದಾಗ, ಕೆಲಸದವರ ಎದುರಿಗೇ ನೀವು ಅಂದಿರಿ: "ನಮ್ಮೋರು ಅಂದ್ರೆ ನಿನಗೆ ಯಾವಾಗ್ಲೂ ಅನುಮಾನ." ಮರುದಿನ ಸ್ಕೂಲಿಗೆ ಹೋದವರು ಅಲ್ಲಿನ ಕ್ವಾರ್ಟರ್ಸಿನಲ್ಲೇ ಉಳಿದಿರಿ. ಭಾನುವಾರ ಮನೆಗೆ ಬರುವುದೂ ನಿಂತುಹೋಯಿತು.

ಜೂನಿನಲ್ಲಿ ಕೆಂಪರಾಜು ನಮ್ಮ ಬಾಡಿಗೆ ಮನೆಗೆ ಬಂದ. ಆಷಾಢ ಬಂದರೆ ಒಳ್ಳೆಯ ದಿನವಿಲ್ಲ, ಹಾಲುಕ್ಕಿಸಿ ಬೀಗದ ಕೈ ತೆಗೆದುಕೊಳ್ಳಿ, ಸಣ್ಣಪುಟ್ಟದ್ದನ್ನು ನೀವು ಒಳಗೆ ಬಂದ ಮೇಲೆ ಮಾಡಿಕೊಡುತ್ತೇನೆ ಎಂದ. ಸಣ್ಣಪುಟ್ಟದ್ದು ಏನೆಂದು ನೋಡಲು ಅತ್ತೆಯನ್ನು ಕರೆದುಕೊಂಡು ಹೋದೆ. ಮೆಟ್ಟಿಲಿಗೆ ಕಂಬಿಯಿರಲಿಲ್ಲ. ಸಿಂಕಿನ ಪೈಪು ಯಾವುದಕ್ಕೂ ಸೇರದೆ ನೇತಾಡುತ್ತಿತ್ತು. ಅತ್ತೆಯ ಕೋಣೆಯ ಮೂಲೆಯಲ್ಲಿ ಮಳೆನೀರು ಇಳಿದು ಸುಣ್ಣ ಉಬ್ಬಿತ್ತು. ನಾನು ಅದನ್ನು ನೋಡುತ್ತಿರುವಾಗ ಅತ್ತೆ ಹೊರಗೆ ನೀರು ಬಿಡಲೆಂದು ಮೋಟಾರಿನ ಕಬ್ಬಿಣದ ಪೆಟ್ಟಿಗೆ ಮುಟ್ಟಿದರು. ದಪ್ ಎಂದು ಸದ್ದಾಯಿತು. ಓಡಿಬಂದರೆ ಮರಳಿನ ಗುಡ್ಡೆಯ ಮೇಲೆ ಬಿದ್ದಿದ್ದಾರೆ. ಆಸ್ಪತ್ರೆಯಲ್ಲಿ ಎಷ್ಟೋ ಜನರ ನಾಡಿ ಹಿಡಿದವಳು ನಾನು. ಅವತ್ತು ನನ್ನ ಬೆರಳಿಗೆ ಏನೂ ಸಿಗಲಿಲ್ಲ, ಇಟ್ಟ ಜಾಗವೇ ತಪ್ಪಿತ್ತು. ಕೊನೆಗೆ ಅವರೇ ಕಣ್ಣು ಬಿಟ್ಟು, ಜುಮ್ಮಂತು ಅಷ್ಟೇ ಕಣಮ್ಮ, ಭಾನುಗೆ ಹೇಳಬೇಡ, ಗಾಬರಿಯಾಗ್ತಾನೆ ಅಂದರು. ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ನಮ್ಮ ಆಸ್ಪತ್ರೆಯ ಎಲೆಕ್ಟ್ರಿಷಿಯನ್ನನ್ನು ಕರೆಸಿ ನೋಡಿಸಿದೆ. ಇಡೀ ಮನೆಗೆ ಅರ್ತಿಂಗ್ ಕೊಟ್ಟಿರಲಿಲ್ಲ. ನೆಲಕ್ಕಿಳಿಸಬೇಕಾದ ತಂತಿಯನ್ನು ಗೋಡೆಯ ಹಿಂದೆ ತಂದು ಹಾಗೇ ಸುತ್ತಿ ಬಿಟ್ಟಿದ್ದರು. ಕೆಂಪರಾಜುವಿಗೆ ಹೇಳಿದರೆ, ಮಾಡಿಸ್ತೀನಿ ಅತ್ತಿಗೆ, ಮೊದಲು ಹಾಲುಕ್ಕಲಿ ಅಂದ. ಅಷ್ಟು ಹೊತ್ತಿಗೆ ಅವನು ನೆಂಟರನ್ನೆಲ್ಲ ಕರೆದಾಗಿತ್ತು.

ಆ ಬೆಳಿಗ್ಗೆ ಶಾಮಿಯಾನದ ತುಂಬ ಜನ. ಗಂಡನಿಲ್ಲದೆ ಒಲೆ ಹಚ್ಚುವವರು ಯಾರು ಎಂಬ ಗುಸುಗುಸು ನನಗೆ ಕೇಳುವ ಹಾಗೇ ನಡೆದಿತ್ತು. ನಾನು ಬೆಂಕಿಪೊಟ್ಟಣವನ್ನು ಅತ್ತೆಯ ಕೈಗಿಟ್ಟೆ. ವಿಧವೆಯ ಕೈಗೆ ಎಂದು ಇಬ್ಬರು ಹೆಂಗಸರು ಎದ್ದು ಹೊರಗೆ ಹೋದರು. ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿ, ಸೆರಗು ಸಿಕ್ಕಿಸಿಕೊಂಡು, ಒಲೆ ಹಚ್ಚಿದರು. ಹಾಲು ಉಕ್ಕಿ ಇಳಿಯುವಾಗ ಮೆಲ್ಲಗೆ "ಭಾನು" ಅಂದರು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು.

ಆಮೇಲೆ ಕೆಂಪರಾಜು ಎಲೆಅಡಿಕೆಯ ತಟ್ಟೆಯಲ್ಲಿ ಬೀಗದ ಕೈಗಳನ್ನಿಟ್ಟು ನನ್ನ ಮುಂದೆ ಹಿಡಿದ. ಅವನ ಪಕ್ಕದಲ್ಲಿ ಶಿಡ್ಲಘಟ್ಟದಿಂದ ಬಂದಿದ್ದ ಚೆನ್ನರಾಯಪ್ಪ ಎಂಬ ನಿವೃತ್ತ ಮೇಷ್ಟ್ರು. ಅವರೂ ಮನೆ ಕಟ್ಟಿಸಬೇಕು, ಕೆಂಪರಾಜುವಿನ ಕೆಲಸ ನೋಡಲೆಂದೇ ಬಂದವರು. ನಾನು ಬೀಗದ ಕೈ ತೆಗೆದುಕೊಂಡೆ. ಆಗ ಅವರು ಕೇಳಿದರು, ಎಲ್ಲಾ ಮುಗಿಸಿ ಕೊಟ್ಟನೇನಮ್ಮ ಎಂದು. ಕೆಂಪರಾಜು ನನ್ನನ್ನೇ ನೋಡುತ್ತಿದ್ದ. ಹೂಂ ಅಂದಿದ್ದರೆ ಅವನಿಗೆ ಇನ್ನೊಂದು ಮನೆ ಸಿಗುತ್ತಿತ್ತು, ನಿಮಗೂ ಸಂತೋಷವಾಗುತ್ತಿತ್ತು. ಆದರೆ ಆ ವಯಸ್ಸಾದವರ ಹೆಂಡತಿ ಕಂಬಿಯಿಲ್ಲದ ಮೆಟ್ಟಿಲನ್ನು ಗೋಡೆ ಹಿಡಿದು ಇಳಿಯುತ್ತಿದ್ದರು.

"ಇಲ್ಲ ಸಾರ್," ಅಂದೆ. "ಗೋಡೆ ಗಟ್ಟಿಯಾಗಿ ಕಟ್ಟಿದಾನೆ. ಉಳಿದ ಕೆಲಸ ಬಾಕಿ ಇದೆ. ಅದು ಮುಗಿದ ದಿನ ಬೀಗದ ಕೈ ತಗೋತೀನಿ."

ಬೀಗದ ಕೈ ಮತ್ತೆ ತಟ್ಟೆಗೆ ಹಾಕಿದೆ. ಕೆಂಪರಾಜು ಊಟ ಮಾಡದೆ ಹೋದ. ಸಂಜೆ ನಿಮ್ಮ ಫೋನು ಬಂತು. ಮನೆಯ ಮರ್ಯಾದೆಯನ್ನು ಬೀದಿಗೆ ಹಾಕಿದೆ ಅಂದಿರಿ, ನಾನು ಉತ್ತರ ಕೊಡುವ ಮೊದಲೇ ಇಟ್ಟಿರಿ.

ಆಮೇಲಿನ ದಿನಗಳು ಹೇಗೆ ಹೋದವೋ. ಕೆಂಪರಾಜು ಆ ಕಡೆ ತಲೆ ಹಾಕಲಿಲ್ಲ. ಡ್ಯೂಟಿ ಮುಗಿಸಿ ಸ್ಕೂಟರನ್ನು ಬಾಡಿಗೆ ಮನೆಗೆ ತಿರುಗಿಸಬೇಕಾದವಳು ಕೈವಾರದ ರಸ್ತೆಗೆ ತಿರುಗಿಸುತ್ತಿದ್ದೆ. ಬೀಗ ಹಾಕಿದ ಗೇಟಿನ ಹೊರಗೆ ನಿಂತು ನಮ್ಮದೇ ಕಿಟಕಿಗಳನ್ನು ನೋಡಿ ವಾಪಸು ಬರುತ್ತಿದ್ದೆ. ಮಳೆ ಹನಿಯಿತೆಂದರೆ ಆ ಮೂಲೆ ನೆನಪಾಗಿ ವಾರ್ಡಿನಲ್ಲಿ ಕೈಯ ಕೆಲಸ ಮರೆತು ನಿಲ್ಲುತ್ತಿದ್ದೆ. ಬೇರೆ ಮೇಸ್ತ್ರಿಯನ್ನು ಹುಡುಕೋಣವೆಂದರೆ ಅತ್ತೆ ಬೇಡವೆಂದರು. ಅವನೇ ಕೆಡಿಸಿದ್ದು, ಅವನೇ ಸರಿ ಮಾಡಲಿ, ಇಲ್ಲದಿದ್ದರೆ ಅವನು ಇನ್ನೆಲ್ಲೂ ತಲೆಯೆತ್ತಲ್ಲ ಅಂದರು. ಒಂದು ಬೆಳಿಗ್ಗೆ ಆಟೋ ಮಾಡಿಕೊಂಡು ಇಬ್ಬರೂ ಅವನ ಮನೆಗೆ ಹೋದೆವು.

ಅವನು ಹೊರಗೆ ಬರಲಿಲ್ಲ. ಅತ್ತೆ ಒಳಗೆ ಹೋಗದೆ ಹೊಸಿಲಿನ ಮೇಲೆ ಕೂತರು. ಮೊದಲು ತೆಲುಗಿನಲ್ಲಿ ಬೈದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಕೆಂಪ, ನೀನು ಕಟ್ಟಿದ ಮನೇಲಿ ನಿಮ್ಮ ದೊಡ್ಡಮ್ಮ ಸ್ವಿಚ್ ಮುಟ್ಟಕ್ಕೂ ಹೆದರ್ಕೊಂಡು ಬದುಕ್ಬೇಕೇನಪ್ಪ?"

ಅವನು ಬಂದು ಅವರ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತ. ವೈರಿಂಗಿನವನು ಅರ್ಧಕ್ಕೇ ಬಿಟ್ಟುಹೋದನಂತೆ. ಉಳಿದದ್ದನ್ನು ತಾನೇ ತನಗೆ ತೋಚಿದಂತೆ ಮುಗಿಸಿದನಂತೆ. ಒಂದು ಮಾತು ಹೇಳಬಾರದಿತ್ತೇ ಎಂದು ನಾನು ಕೇಳಿದೆ. ಅವನು ತಲೆ ಎತ್ತದೆ ಅಂದ:

"ಅಣ್ಣಂಗೆ ಜನವರೀಲೇ ಹೇಳಿದ್ದೆ ಅತ್ತಿಗೆ. ಆಮೇಲೆ ನೋಡ್ಕೊಳಣ, ಅವಳ ಕಿವಿಗೆ ಹಾಕ್ಬೇಡ ಅಂದ್ರು."

ಅತ್ತೆಯೂ ಕೇಳಿಸಿಕೊಂಡರು. ಮನೆಗೆ ಬಂದು ಅವರು ಗೋಡೆ ಕಡೆ ತಿರುಗಿ ಮಲಗಿದರು.

ಇಷ್ಟು ತಿಂಗಳು, ನನ್ನ ಮೇಲಿನ ಸಿಟ್ಟಿಗೆ ನೀವು ಬರುತ್ತಿಲ್ಲ ಎಂದುಕೊಂಡಿದ್ದೆ. ನನ್ನ ಮಾತು ಒರಟಾಯಿತೇನೋ ಎಂದು ಎಷ್ಟು ಸಲ ಮನಸ್ಸಿನಲ್ಲೇ ತಿದ್ದಿಕೊಂಡೆ. ಗೊತ್ತಿದ್ದೂ ಮುಚ್ಚಿಟ್ಟವರು ನೀವು, ನಮ್ಮವರ ಮೇಲೆ ಅನುಮಾನಪಡುವವಳು ಎನಿಸಿಕೊಂಡವಳು ನಾನು. ತಮ್ಮನನ್ನು ಕಾಪಾಡಲು ಹೊರಟಿದ್ದಿರಿ, ಅದು ಅರ್ಥವಾಗುತ್ತದೆ. ನನಗೆ ಹೇಳಿದ್ದರೆ ಇಬ್ಬರೂ ಸೇರಿ ಕಾಪಾಡಬಹುದಿತ್ತು.

ಕೆಂಪರಾಜು ಮಾರನೆಯ ದಿನವೇ ಬಂದ. ಗುಂಡಿ ತೋಡಿಸಿ, ಉಪ್ಪು ಇದ್ದಿಲು ತುಂಬಿ ಅರ್ತಿಂಗ್ ಕೊಡಿಸಿದ. ಬಚ್ಚಲಿನ ನೆಲ ಒಡೆಸಿ ಮತ್ತೆ ಹಾಕಿಸಿದ. ಬಕೆಟ್ಟುಗಟ್ಟಲೆ ನೀರು ಸುರಿದು ನೋಡಿದೆ, ಎಲ್ಲ ಹಿಂದಕ್ಕೆ ಓಡಿತು. ಮೆಟ್ಟಿಲಿಗೆ ಕಂಬಿ ಬಂತು, ಸಿಂಕಿನ ಪೈಪು ಚರಂಡಿಗೆ ಸೇರಿತು. ತಾರಸಿಯ ಮೂಲೆ ಮುಚ್ಚಿದ ಮೇಲೆ ಎರಡು ಜೋರು ಮಳೆ ಬಂದರೂ ಒಳಗೆ ಒಣಗಿಯೇ ಇತ್ತು. ಮೇಲಿನ ಕೋಣೆಯ ಬಾಗಿಲು ಮಾತ್ರ ನೆಲಕ್ಕೆ ಉಜ್ಜುತ್ತದೆ. ಮಳೆಗಾಲ ಕಳೆದು ಮರ ಒಣಗಿದ ಮೇಲೆ ಕೆತ್ತಿಸಿ ಕೊಡುತ್ತಾನಂತೆ, ಅದಕ್ಕೆ ಒಪ್ಪಿದೆ. ನಿನ್ನೆ ಬೀಗದ ಕೈ ತೆಗೆದುಕೊಂಡೆ. ಈ ಸಲ ತಟ್ಟೆಯಿಲ್ಲ, ಜನರಿಲ್ಲ. ಅವನು ಊಟ ಮಾಡಿ ಹೋದ.

ಚೆನ್ನರಾಯಪ್ಪನವರು ತಮ್ಮ ಮನೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ನಾನು ಫೋನು ಮಾಡಿ, ಈಗ ಬಂದು ನೋಡಿ ಸಾರ್ ಎಂದು ಕೇಳಿಕೊಂಡೆ. ತಡವಾಯಿತಮ್ಮ ಎಂದರು. ಕೆಂಪರಾಜುವಿನ ಮುಖ ನೋಡಿದಾಗಲೆಲ್ಲ ಕೈತಪ್ಪಿದ ಆ ಮನೆ ನೆನಪಾಗುತ್ತದೆ. ಹಾಗೆಂದು ಅವತ್ತು ಬೇರೆ ಏನು ಹೇಳಬೇಕಿತ್ತೋ ಇವತ್ತಿಗೂ ಹೊಳೆದಿಲ್ಲ.

ಶ್ರಾವಣದ ಮೊದಲ ಸೋಮವಾರ ಸಾಮಾನು ಸಾಗಿಸುತ್ತೇವೆ. ನೀವು ಬರುತ್ತೀರೋ ಇಲ್ಲವೋ ನೀವೇ ನಿರ್ಧರಿಸಿ. ಬಂದರೆ ಮೊದಲು ಅತ್ತೆಯ ಹತ್ತಿರ ಕೂತು ಮಾತಾಡಿ, ಅವರೀಗ ನಿಮ್ಮ ಹೆಸರು ಎತ್ತುತ್ತಿಲ್ಲ. ಆಮೇಲೆ ನನ್ನ ಹತ್ತಿರ. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆಂದು ಮಾತ್ರ ಮಾತು ಕೊಡಲಾರೆ.

ನಿಮ್ಮ ಉತ್ತರಕ್ಕೆ ಕಾಯುವ,
ಲಾವಣ್ಯ

ಮರೆತ ಮಾತು: ಮರೆತಿರಲಿಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಕೆಂಪರಾಜು ಆ ಮಾತು ಹೇಳಿದ ವಾರವೇ ರಜೆ ಹಾಕಿ ಗೌರಿಬಿದನೂರಿಗೆ ಬಂದಿದ್ದೆ. ನಿಮ್ಮ ಹುಡುಗರ ಎದುರಿಗೇ ಜಗಳ ಆಡಬೇಕೆಂದು ಬಸ್ಸಿನ ಉದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನೀವು ಗ್ರೌಂಡಿನಲ್ಲಿ ಖೋ-ಖೋಗೆ ಸುಣ್ಣದ ಗೆರೆ ಎಳೆಯುತ್ತಿದ್ದಿರಿ. ಒಂದು ಗೆರೆ ಸೊಟ್ಟಗಾಯಿತು. ನಿಂತು ನೋಡಿ, ಕಾಲಿನಿಂದ ಅಳಿಸಿ, ಮತ್ತೆ ಬಗ್ಗಿ ಎಳೆದಿರಿ. ತುಂಬ ಇಳಿದುಹೋಗಿದ್ದೀರಿ. ಬೇಲಿಯ ಆಚೆ ನಿಂತಿದ್ದ ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ. ಬಸ್ಸಿಗೆ ಇನ್ನೂ ಹೊತ್ತಿತ್ತು.